ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ

(ವಿದ್ಯಾರ್ಥಿನಿ, ಬಿ.ಎ. ಅಂತಿಮ ವರ್ಷ)

2025ನೆಯ ಇಸವಿಯ ಫೆಬ್ರುವರಿ 13ರಂದು ಅಂಕೋಲೆ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ತೀರಿಕೊಂಡರು. ಮರುದಿನ ತರಗತಿಗೆ ಬಂದ ನಮ್ಮ ಅಧ್ಯಾಪಕರೊಬ್ಬರು ಈ ಸುದ್ದಿಯನ್ನು ಹೇಳಿ, ಕ್ಷಣಕಾಲ ಸುಮ್ಮನಿದ್ದು, "ನಿಮ್ಮಲ್ಲಿ ಯಾರಿಗಾದರೂ ಹಾಲಕ್ಕಿಯವರ ಹಾಡು ಒಂದಾದರೂ ಬರುವುದೆ?" ಎಂದು ಕೇಳಿದರು. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ನಾನಾದರೋ ಹಿರೇಗುತ್ತಿಯ ಬಳಿಯ ಹಾಲಕ್ಕಿ ಕೊಪ್ಪವೊಂದರಲ್ಲಿ ಹುಟ್ಟಿ, ಆ ಹಾಡುಗಳ ನಡುವೆಯೇ ತೊಟ್ಟಿಲಲ್ಲಿ ಮಲಗಿದವಳು. ಬರುವುದೆಂದು ಹೇಳಲು ಹಾಡು ಬಾಯಿಗೆ ಬಾರದು. ಬಾರದೆಂದು ಹೇಳಲು ನಾಚಿಕೆ. ಅಂದು ತಲೆ ತಗ್ಗಿಸಿ ಕುಳಿತದ್ದರ ಪ್ರಾಯಶ್ಚಿತ್ತವೆಂದು ಓದುಗರು ಈ ಲೇಖನವನ್ನು ತಿಳಿಯಬಹುದು.

ಸುಕ್ರಿ ಬೊಮ್ಮಗೌಡರು ಯಾರು, ಅವರು ಹಾಡಿದ್ದು ಏನು, ಅಕ್ಷರವರಿಯದ ಕೂಲಿಯ ಹೆಣ್ಣುಮಗಳೊಬ್ಬಳನ್ನು ದೇಶವು ಪದ್ಮಶ್ರೀ ಎಂದು ಕರೆದು ಗೌರವಿಸಿದ್ದು ಏತಕ್ಕೆ ಎಂಬುದನ್ನು ನನ್ನ ತಿಳಿವಳಿಕೆಯ ಮಿತಿಯಲ್ಲಿ ವಿವರಿಸುವುದು ಇಲ್ಲಿನ ಉದ್ದೇಶ. ಇವರ ಹೆಸರನ್ನು ಪತ್ರಿಕೆಗಳಲ್ಲಿ ಓದದವರು ನಮ್ಮ ಜಿಲ್ಲೆಯಲ್ಲಿ ಇರಲಾರರು. ಆದರೆ ಹೆಸರನ್ನು ಓದುವುದು ಬೇರೆ, ಹಾಡನ್ನು ಅರಿಯುವುದು ಬೇರೆ.

೧

ಹಾಲಕ್ಕಿ ಒಕ್ಕಲಿಗರು ಉತ್ತರ ಕನ್ನಡದ ಕರಾವಳಿಯವರು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ ತಾಲೂಕುಗಳಲ್ಲಿ, ಒಂದು ಕಡೆ ಸಹ್ಯಾದ್ರಿಯ ಕಾಡು, ಇನ್ನೊಂದು ಕಡೆ ಕಡಲು, ಇವುಗಳ ನಡುವಣ ಕಿರಿದಾದ ನೆಲದಲ್ಲಿ ಅವರ ಕೊಪ್ಪಗಳಿವೆ. ಕೊಪ್ಪವೆಂದರೆ ನಾಲ್ಕಾರು ಅಥವಾ ಹತ್ತಾರು ಮನೆಗಳ ಗುಂಪು. ಕೊಪ್ಪಕ್ಕೊಬ್ಬ ಗೌಡ, ಅವನಿಗೆ ಹೆಗಲು ಕೊಡಲು ಬುದ್ಧಿವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಹೀಗೆ ಅವರದೇ ಆದ ಒಂದು ಆಡಳಿತವುಂಟು. ಬೇಸಾಯ, ಕೂಲಿ, ಕಾಡಿನಿಂದ ಸೊಪ್ಪು ಸೌದೆ ತರುವುದು, ತರಕಾರಿ ಬೆಳೆದು ಪೇಟೆಗೆ ಹೊತ್ತು ಮಾರುವುದು, ಇವು ಪರಂಪರೆಯ ಉದ್ಯೋಗಗಳು. ಕುಮಟೆ ಅಂಕೋಲೆಗಳ ಪೇಟೆಯಲ್ಲಿ ಕೊರಳ ತುಂಬ ಮಣಿಸರ ತೊಟ್ಟು, ರವಿಕೆಯಿಲ್ಲದೆ ಸೀರೆಯನ್ನು ಕೊರಳಿಗೆ ಸುತ್ತಿ ಉಟ್ಟು, ಬುಟ್ಟಿಯ ಮುಂದೆ ಕುಳಿತ ಅಜ್ಜಿಯಂದಿರನ್ನು ನೀವೆಲ್ಲರೂ ಕಂಡಿದ್ದೀರಿ. ಅವರೇ ನಮ್ಮವರು.

ಈ ಜನರಲ್ಲಿ ಹಾಡಿಲ್ಲದೆ ನಡೆಯುವ ಕೆಲಸ ಹಿಂದೆ ಇರಲಿಲ್ಲವೆಂದೇ ಹೇಳಬೇಕು. ಮದುವೆಯಲ್ಲಿ ಅರಿಶಿನ ಹಚ್ಚುವುದಕ್ಕೆ ಒಂದು ಹಾಡು, ಧಾರೆಗೆ ಒಂದು, ಮದುಮಗಳನ್ನು ಕಳುಹಿಸುವುದಕ್ಕೆ ಮತ್ತೊಂದು. ಅಗೆ ಕೀಳುವಾಗ, ನೆಟ್ಟಿ ನೆಡುವಾಗ, ಭತ್ತ ಕುಟ್ಟುವಾಗ, ಮಗುವನ್ನು ತೂಗುವಾಗ, ತುಳಸಿಯ ಮುಂದೆ ದೀಪವಿಡುವಾಗ, ಎಲ್ಲಕ್ಕೂ ಹಾಡು. ರಾಮಾಯಣ ಮಹಾಭಾರತಗಳ ಕಥೆಗಳೂ ಈ ಹಾಡುಗಳಲ್ಲಿ ಬರುವುವು. ಆದರೆ ಅಲ್ಲಿ ಸೀತೆಯೂ ದ್ರೌಪದಿಯೂ ನಮ್ಮ ಕೊಪ್ಪದ ಹೆಂಗಸರಂತೆ ನೀರು ಹೊರುವರು, ಗದ್ದೆಯ ಅಂಚಿನಲ್ಲಿ ನಡೆಯುವರು. ಗಂಡಸರದು ಸುಗ್ಗಿಯ ಕುಣಿತ ಮತ್ತು ಗುಮಟೆಯ ಪದ. ಗುಮಟೆಯೆಂಬುದು ಎರಡೂ ಕಡೆ ಬಾಯಿಯುಳ್ಳ ಮಣ್ಣಿನ ಮಡಕೆ. ಒಂದು ಬಾಯಿಗೆ ಚರ್ಮವನ್ನು ಬಿಗಿದು, ಇನ್ನೊಂದನ್ನು ಅಂಗೈಯಿಂದ ಮುಚ್ಚುತ್ತ ತೆರೆಯುತ್ತ ನುಡಿಸುವರು. ಹೆಂಗಸರದು ತಾರ್ಲೆ ಮತ್ತು ಸಂಸಾರದ ಸಕಲ ಹಾಡುಗಳು. ಇವಕ್ಕೆ ವಾದ್ಯ ಬೇಡ. ಕೊರಳೊಂದಿದ್ದರೆ ಸಾಕು. ಸರಿಯಾಗಿ ಹೇಳುವುದಾದರೆ, ಒಂದಲ್ಲ, ಎರಡು ಕೊರಳು ಬೇಕು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುವೆನು. ಮುಂದೆ ಇದರ ಪ್ರಸ್ತಾಪ ಬರುವುದು.

೨

ಸುಕ್ರಿಯವರು ಹುಟ್ಟಿದ್ದು 1937ರ ಸುಮಾರಿನಲ್ಲಿ. ಶಾಲೆಯ ಮೆಟ್ಟಿಲನ್ನು ಅವರು ಹತ್ತಲಿಲ್ಲ. ಹಾಡುಗಳನ್ನು ಕಲಿತದ್ದು ತಾಯಿಯಿಂದ. ಕಲಿತದ್ದು ಎನ್ನುವುದಕ್ಕಿಂತ ತಾಯಿಯ ಸೆರಗು ಹಿಡಿದು ಗದ್ದೆಗೆ, ಮದುವೆಯ ಚಪ್ಪರಕ್ಕೆ ಹೋಗಿ ಕಿವಿಯಿಂದ ಹೀರಿಕೊಂಡರೆನ್ನುವುದು ಸರಿ. ಚಿಕ್ಕ ವಯಸ್ಸಿನಲ್ಲೇ ಮದುವೆಯಾಯಿತು. ಹೆಸರಿನ ಜೊತೆಗಿರುವ ಬೊಮ್ಮಗೌಡ ಎಂಬುದು ಪತಿಯ ಹೆಸರು. ಇಬ್ಬರು ಮಕ್ಕಳು ಹುಟ್ಟಿದರು, ಇಬ್ಬರೂ ಉಳಿಯಲಿಲ್ಲ. ಸೋದರನ ಮನೆಯಿಂದ ಒಂದು ಮಗುವನ್ನು ತಂದು ಸಾಕಿಕೊಂಡರು. ಪತಿ ಕುಡಿತಕ್ಕೆ ಬಲಿಯಾಗಿ ತೀರಿಕೊಂಡರು. ಸಾಕಿದ ಮಗನನ್ನೂ ಮುಂದೆ ಅದೇ ಕುಡಿತವು ಕೊಂಡೊಯ್ಯಿತು.

ಇಷ್ಟು ದುಃಖವನ್ನು ಒಂದು ಜೀವವು ಹೊತ್ತ ಮೇಲೆ ಬಾಯಿ ಕಟ್ಟಿಹೋಗುವುದು ಸಹಜ. ಆದರೆ ಇಲ್ಲಿ ಬೇರೊಂದು ಸಂಗತಿ ನಡೆಯಿತು. ಪತಿಯ ಮರಣಾನಂತರದ ವರ್ಷಗಳಲ್ಲಿಯೇ ಅವರ ಹಾಡು ಕೊಪ್ಪದ ಎಲ್ಲೆಯನ್ನು ದಾಟಿ ಹೊರಗೆ ಕೇಳತೊಡಗಿತು. ಜನಪದ ವಿದ್ವಾಂಸರು ಅವರ ಮನೆಯ ಅಂಗಳಕ್ಕೆ ಬಂದರು. ಆಕಾಶವಾಣಿಯು ಅವರ ಹಾಡುಗಳನ್ನು ಧ್ವನಿಮುದ್ರಿಸಿತು. ಮಕ್ಕಳಿಗೆ ಹಾಡು ಕಲಿಸುವ ಕೆಲಸವನ್ನೂ ಅವರು ಕೈಕೊಂಡರು. 1999ರಲ್ಲಿ ಜಾನಪದಶ್ರೀ, 2006ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2017ರಲ್ಲಿ ಭಾರತ ಸರಕಾರದ ಪದ್ಮಶ್ರೀ, ಹೀಗೆ ಗೌರವಗಳು ಬಂದವು. ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರ ಕೈಯಿಂದ ಪದಕವನ್ನು ಪಡೆಯುವಾಗಲೂ ಸುಕ್ರಜ್ಜಿಯದು ಅದೇ ಸೀರೆ, ಅದೇ ಮಣಿಸರ. ಆ ಚಿತ್ರವನ್ನು ಪತ್ರಿಕೆಯಲ್ಲಿ ಕಂಡ ನಮ್ಮ ಕೊಪ್ಪದ ಹೆಂಗಸರು ಬೆರಗಾದದ್ದು ಪದಕವನ್ನು ನೋಡಿ ಅಲ್ಲ, ಆ ಉಡಿಗೆಯನ್ನು ನೋಡಿ. ಪೇಟೆಯಲ್ಲಿ ಜನ ತಿರುತಿರುಗಿ ನೋಡುತ್ತಿದ್ದ ಉಡಿಗೆಯು ರಾಷ್ಟ್ರಪತಿ ಭವನದ ಒಳಕ್ಕೂ ಹೋಗಬಲ್ಲದೆಂದು ಅಂದು ಅವರಿಗೆ ತಿಳಿಯಿತು.

ನಾನು ಸುಕ್ರಜ್ಜಿಯನ್ನು ಕಂಡದ್ದು ಒಂದೇ ಸಾರಿ, ಅದೂ ಅಂಕೋಲೆಯ ಸಭೆಯೊಂದರಲ್ಲಿ, ದೂರದಿಂದ. ಅಂದು ನನಗೆ ಹತ್ತೋ ಹನ್ನೊಂದೋ ವಯಸ್ಸು. ಧ್ವನಿವರ್ಧಕವನ್ನು ಯಾರೋ ಅವರ ಮುಂದೆ ಸರಿಸಿದರು. ಅವರು ಅದನ್ನು ಲೆಕ್ಕಿಸದೆ ಪಕ್ಕದಲ್ಲಿ ಕುಳಿತ ಹೆಂಗಸರ ಕಡೆಗೆ ತಿರುಗಿ ಹಾಡತೊಡಗಿದರು. ಸಭೆಗೆ ಬೆನ್ನು ಮಾಡಿದರಲ್ಲಾ ಎಂದು ನನಗೆ ಆಗ ಅನಿಸಿತ್ತು. ಅವರು ಹಾಗೆ ಮಾಡಿದ್ದರ ಅರ್ಥ ತಿಳಿಯಲು ಹತ್ತು ವರ್ಷ ಬೇಕಾಯಿತು.

೩

ಸುಕ್ರಿಯವರಿಗೆ ಎಷ್ಟು ಹಾಡು ಬರುತ್ತಿದ್ದವು? ಸಾವಿರವೆಂದು ಕೆಲವರು ಬರೆದರು, ಐದು ಸಾವಿರವೆಂದು ಮತ್ತೆ ಕೆಲವರು. ಈ ಎಣಿಕೆಯೇ ನಮ್ಮನ್ನು ತಪ್ಪು ದಾರಿಗೆ ಎಳೆಯುವುದೆಂದು ನನ್ನ ಎಣಿಕೆ. ಪೆಟ್ಟಿಗೆಯಲ್ಲಿ ಸೀರೆಗಳನ್ನು ಮಡಿಸಿಟ್ಟಂತೆ ಹಾಡುಗಾರ್ತಿಯ ತಲೆಯಲ್ಲಿ ಹಾಡುಗಳು ಮಡಿಸಿ ಕುಳಿತಿರುವುವೆಂದು ನಾವು ತಿಳಿಯುತ್ತೇವೆ. ನಿಜ ಹಾಗಿಲ್ಲ.

ಅಮೇರಿಕೆಯ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸರು 1933ರಿಂದ 1935ರವರೆಗೆ ಯುಗೋಸ್ಲಾವಿಯದ ಹಳ್ಳಿಗಳಲ್ಲಿ ತಿರುಗಿ, ಓದುಬರಹವಿಲ್ಲದ ಹಾಡುಗಾರರನ್ನು ಪರೀಕ್ಷಿಸಿದರು. ಅವರ ಪೈಕಿ ಅವ್ದೊ ಮೆಜೆದೊವಿಚ್ ಎಂಬವನು 12,000 ಸಾಲುಗಳಿಗೂ ಮಿಕ್ಕಿದ ಒಂದೇ ಕಥನಗೀತವನ್ನು ಹೇಳಿ ಬರೆಸಿದನು. ಪ್ಯಾರಿಯವರ ಶಿಷ್ಯ ಆಲ್ಬರ್ಟ್ ಲಾರ್ಡ್ ಇದನ್ನು ಕುರಿತು 1960ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಕಂಡುಕೊಂಡ ತತ್ವ ಇದು: ಇಂಥ ಹಾಡುಗಾರನು ಬಾಯಿಪಾಠ ಒಪ್ಪಿಸುವುದಿಲ್ಲ. ಅವನ ಬಳಿ ಸಿದ್ಧವಾದ ನುಡಿಗಟ್ಟುಗಳಿವೆ, ಛಂದಸ್ಸಿನ ಅಳತೆಯಿದೆ, ಕಥೆಯ ನಡೆಯಿದೆ. ಇವುಗಳಿಂದ ಅವನು ಹಾಡುವಾಗಲೇ ಹಾಡನ್ನು ಕಟ್ಟುತ್ತಾನೆ. ಹಾಡುವುದೂ ರಚಿಸುವುದೂ ಅವನಿಗೆ ಒಂದೇ ಕ್ರಿಯೆ.

ಈ ತತ್ವವನ್ನು ನಾನು ಪುಸ್ತಕದಿಂದ ತಿಳಿದುದಕ್ಕಿಂತ ಹೆಚ್ಚಾಗಿ ನನ್ನ ಅಜ್ಜಿಯಿಂದ ತಿಳಿದೆ. ಸುಕ್ರಜ್ಜಿ ತೀರಿಕೊಂಡ ವಾರದಲ್ಲಿ ನಾನು ಒಂದು ನೋಟುಬುಕ್ಕನ್ನೂ ಮೊಬೈಲನ್ನೂ ಹಿಡಿದು ಅಜ್ಜಿಯ ಮುಂದೆ ಕುಳಿತೆ. ಮದುಮಗಳನ್ನು ಕಳುಹಿಸುವ ಹಾಡನ್ನು ಹೇಳೆಂದು ಕೇಳಿದೆ. ಅಜ್ಜಿ ಮೂರು ಸಾಲು ಹಾಡಿ ನಿಂತುಬಿಟ್ಟರು. ಮರೆತುಹೋಯಿತೆ ಎಂದು ಕೇಳಿದರೆ ತಲೆಯಾಡಿಸಿದರು. "ಸೊಲ್ಲು ಹಿಡಿಯೂರು ಇಲ್ದೆ ಹಾಡು ಬತ್ತದ್ಯಾ ಮಗಾ? ಅದ್ನ ಬದಿಗಿಡು. ನೀ ಹಿಡಿ" ಎಂದರು. ಮೊಬೈಲನ್ನು ಪಕ್ಕಕ್ಕಿಟ್ಟು, ಅವರು ಎತ್ತಿಕೊಟ್ಟ ಸಾಲಿನ ಕೊನೆಯನ್ನು ನಾನು ತಡವರಿಸುತ್ತ ಹಿಡಿದೆ. ಆಗ ಹಾಡು ಬಂದಿತು. ಒಂದು ಸಾಲಲ್ಲ, ಎರಡಲ್ಲ. ಸುಮಾರು ಅರ್ಧ ಗಂಟೆ ನಿಲ್ಲದೆ ಬಂದಿತು. ನಾನು ಸೊಲ್ಲು ಹಿಡಿಯುವಷ್ಟು ಹೊತ್ತಿನಲ್ಲಿ ಅಜ್ಜಿ ಮುಂದಿನ ಸಾಲನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ಒಂದು ಕೊರಳು ಎತ್ತಿಕೊಡಬೇಕು, ಇನ್ನೊಂದು ಹಿಡಿಯಬೇಕು. ಹಿಡಿಯುವ ಕೊರಳು ಕೇವಲ ಅಲಂಕಾರವಲ್ಲ, ಅದು ಹಾಡುಗಾರ್ತಿಗೆ ಉಸಿರು, ಯೋಚನೆಗೆ ಬಿಡುವು. ಸುಕ್ರಜ್ಜಿ ಸಭೆಯನ್ನು ಬಿಟ್ಟು ಪಕ್ಕದ ಹೆಂಗಸರತ್ತ ತಿರುಗಿದ್ದು ಏಕೆಂದು ನನಗೆ ಅಂದು ಹೊಳೆಯಿತು.

ಮರುವಾರ ಅದೇ ಹಾಡನ್ನು ಮತ್ತೆ ಹಾಡಿಸಿದೆ. ನೋಟುಬುಕ್ಕಿನಲ್ಲಿ ನೆನಪಿನಿಂದ ಬರೆದುಕೊಂಡದ್ದಕ್ಕೂ ಅಜ್ಜಿ ಹಾಡಿದ್ದಕ್ಕೂ ತಾಳೆಯಾಗಲಿಲ್ಲ. ಸಾಲುಗಳು ಹಿಂದುಮುಂದಾಗಿದ್ದವು, ಕೆಲವು ಹೊಸವು. ಮೊದಲ ಸಾರಿ ಮದುಮಗಳು ಹೊಳೆಯನ್ನು ದೋಣಿಯಲ್ಲಿ ದಾಟಿದ್ದಳು. ಈ ಸಾರಿ ಬಸ್ಸು ಹತ್ತಿದಳು! ಯಾವುದು ಸರಿಯೆಂದು ಕೇಳಿದರೆ ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡೂ ಅದೇ ಹಾಡು ಎಂದರು.

ಆದುದರಿಂದ ಸುಕ್ರಿ ಬೊಮ್ಮಗೌಡರನ್ನು ಹಾಡುಗಳ ಭಂಡಾರವೆಂದು ಕರೆಯುವುದು ಅರ್ಧ ಸತ್ಯ. ಭಂಡಾರದಲ್ಲಿ ಇಟ್ಟದ್ದೇ ಇರುವುದು, ಹೊಸದು ಹುಟ್ಟುವುದಿಲ್ಲ. ಅವರು ಹಾಡುಗಾರ್ತಿಯೂ ಹೌದು, ಕವಿಯೂ ಹೌದು. ಲೇಖನಿ ಹಿಡಿಯಲಿಲ್ಲವೆಂಬ ಒಂದೇ ಕಾರಣಕ್ಕೆ ಅವರಿಗೆ ಕವಿಯೆಂಬ ಹೆಸರನ್ನು ನಾವು ಕೊಡದಿದ್ದರೆ ಕೊರತೆ ಅವರದಲ್ಲ, ನಮ್ಮದು.

೪

ಹಳೆಯ ಹಾಡನ್ನು ಉಳಿಸಿದ್ದಷ್ಟೇ ಸುಕ್ರಿಯವರ ಸಾಧನೆಯಾಗಿದ್ದರೆ ಅವರು ವಿದ್ವಾಂಸರ ಗೌರವಕ್ಕೆ ಮಾತ್ರ ಪಾತ್ರರಾಗುತ್ತಿದ್ದರು. ಜನರ ಪ್ರೀತಿಗೆ ಪಾತ್ರರಾದುದು ಬೇರೊಂದು ಕಾರಣದಿಂದ. ಅದು ಸಾರಾಯಿಯ ವಿರುದ್ಧ ನಡೆಸಿದ ಹೋರಾಟ.

ಅಂದಿನ ಸಾರಾಯಿ ವ್ಯವಸ್ಥೆಯನ್ನು ಇಂದಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಸರಕಾರವು ಸಾರಾಯಿ ಮಾರುವ ಹಕ್ಕನ್ನು ಹರಾಜು ಹಾಕುತ್ತಿತ್ತು. ಹರಾಜಿನಲ್ಲಿ ಗೆದ್ದ ಗುತ್ತಿಗೆದಾರನು ಹಾಕಿದ ಹಣವನ್ನು ಹಿಂದಕ್ಕೆ ಪಡೆಯಬೇಕಾದರೆ ಹಳ್ಳಿಹಳ್ಳಿಗೂ ಅಂಗಡಿ ಮುಟ್ಟಬೇಕು. ಬೊಕ್ಕಸಕ್ಕೆ ಆದಾಯ, ಗುತ್ತಿಗೆದಾರನಿಗೆ ಲಾಭ; ಇವೆರಡೂ ಬರುತ್ತಿದ್ದುದು ಕೂಲಿಯವನ ಸಂಜೆಯ ಕೂಲಿಯಿಂದ. ಹೆಂಗಸಿನ ಕೈಗೆ ಬರುತ್ತಿದ್ದುದು ಬರಿಗೈ, ಕೆಲವೊಮ್ಮೆ ಪೆಟ್ಟು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದ್ದು ರಾಜ್ಯವ್ಯಾಪಿ ಚಳವಳಿಯಾಗಿ, 1993ರಲ್ಲಿ ಅಲ್ಲಿ ಸಾರಾಯಿ ನಿಷೇಧವಾಯಿತು. ನಮ್ಮ ಜಿಲ್ಲೆಯಲ್ಲೂ ಆ ದಶಕದಲ್ಲಿ ಹೆಂಗಸರು ಎದ್ದರು. ಹೊನ್ನಾವರ ತಾಲೂಕಿನ ಕಾಸರಕೋಡಿನ ಸ್ನೇಹಕುಂಜದ ಡಾ. ಕುಸುಮಾ ಸೊರಬರು ಅವರ ಜೊತೆಗೆ ನಿಂತ ಹಿರಿಯರಲ್ಲೊಬ್ಬರು. ಅಂಕೋಲೆಯ ಕಡೆ ಈ ಹೋರಾಟದ ಮುಂದಾಳಾಗಿ ಕಂಡವರು ಸುಕ್ರಿ ಬೊಮ್ಮಗೌಡರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿ ಕರ್ನಾಟಕದ ಬಾರ್ಡೋಲಿಯೆಂದು ಹೆಸರು ಪಡೆದ ಅಂಕೋಲೆಗೆ ಇದು ತಕ್ಕದ್ದೇ ಆಗಿತ್ತು.

ಸುಕ್ರಿಯವರು ಭಾಷಣಗಾರ್ತಿಯಲ್ಲ. ಆದರೆ ಹೆಂಗಸರ ಗುಂಪನ್ನು ಒಂದಾಗಿ ಉಸಿರಾಡಿಸುವ ವಿದ್ಯೆ ಅವರಿಗೆ ತಾಯಿಯಿಂದ ಬಂದಿತ್ತು. ನೆಟ್ಟಿಯ ಗದ್ದೆಯಲ್ಲಿ ಎತ್ತಿಕೊಟ್ಟ ಸಾಲನ್ನು ಹಿಡಿಯುವ ಹೆಂಗಸರು ಇಲ್ಲಿಯೂ ಹಿಡಿಯಬಲ್ಲರು. ಕುಡಿತದ ಕೇಡನ್ನು ಅವರು ಹಾಡಾಗಿ ಕಟ್ಟಿ ಹಾಡಿದರು. ಧಾಟಿ ಹಳೆಯದು, ಮಾತು ಅಂದಿನದು. ಹಾಡುತ್ತಿದ್ದವರು ಪತಿಯನ್ನು ಕುಡಿತಕ್ಕೆ ಕಳೆದುಕೊಂಡವರೆಂಬುದು ಕೇಳುವವರಿಗೆಲ್ಲ ತಿಳಿದಿತ್ತು. ಆ ಹಾಡಿಗೆ ಬೇರೆ ಪ್ರಮಾಣ ಬೇಕಾಗಿರಲಿಲ್ಲ. ಗ್ರಾಮ ಪಂಚಾಯತಿಯ ಸದಸ್ಯೆಯಾಗಿಯೂ ಅವರು ಇದೇ ಮಾತನ್ನು ಮುಂದಿಟ್ಟರು.

ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಅದರಿಂದ ಕುಡಿತವೇ ನಿಂತಿತೆಂದು ಹೇಳಲಾಗದು. ಸಾರಾಯಿ ಹೋದ ಕಡೆ ಬೇರೆ ಹೆಸರಿನ ಅಗ್ಗದ ಮದ್ಯ ಬಂದು ಕುಳಿತಿದೆ. ನಮ್ಮ ಕೊಪ್ಪದಲ್ಲೂ ಈ ದುಃಖವನ್ನು ಅರಿಯದ ಮನೆ ಕಡಿಮೆ. ಆದರೂ ಹೆಂಗಸರು ಒಟ್ಟಾಗಿ ನಿಂತರೆ ಅಂಗಡಿಯ ಬಾಗಿಲು ಮುಚ್ಚುವುದೆಂಬ ಅನುಭವ ಒಂದು ಸಾರಿ ಆಗಿದೆ. ಅದು ಸಣ್ಣದಲ್ಲ.

೫

ಇಂಥವರು ನಮ್ಮ ಜಿಲ್ಲೆಯಲ್ಲಿ ಮಾತ್ರವೆ? ದೂರದ ಪಶ್ಚಿಮ ಆಫ್ರಿಕೆಯಲ್ಲಿ ಮಾಲಿ ಎಂಬ ದೇಶವಿದೆ. ಅಲ್ಲಿ ಹಾಡುವುದು ಬಹುಮಟ್ಟಿಗೆ ಒಂದು ಕುಲದ ವೃತ್ತಿ. ಜೆಲಿ ಎಂಬ ಆ ಕುಲದವರು ಅರಸರ ವಂಶಾವಳಿಯನ್ನು ತಲೆಮಾರುಗಳಿಂದ ಹಾಡುತ್ತ ಬಂದವರು. ಆದರೆ ಅದೇ ದೇಶದ ದಕ್ಷಿಣದಲ್ಲಿರುವ ವಾಸುಲು ಸೀಮೆಯಲ್ಲಿ ಹಾಗಲ್ಲ. ಅಲ್ಲಿ ಕೊರಳಿದ್ದವರು ಹಾಡಬಹುದು. ಅಂಥ ಹಾಡುಗಾರರನ್ನು ಅಲ್ಲಿಯ ಜನ "ಕೋನೊ", ಎಂದರೆ ಹಕ್ಕಿ, ಎಂದು ಕರೆಯುವರು. ನಮ್ಮವರು ಸುಕ್ರಿಯವರನ್ನು "ಹಾಲಕ್ಕಿ ಕೋಗಿಲೆ" ಎಂದು ಕರೆದಂತೆಯೇ ಇದು.

ಆ ಹಕ್ಕಿಗಳಲ್ಲಿ ಹೆಸರಾದವಳು ಊಮು ಸಂಗಾರೆ. 1968ರಲ್ಲಿ ಬಮಾಕೊ ನಗರದಲ್ಲಿ ಹುಟ್ಟಿದಳು. ತಾಯಿಯೂ ಹಾಡುಗಾರ್ತಿ. ಊಮು ಎಳೆಯವಳಿರುವಾಗಲೇ ತಂದೆ ಮನೆ ಬಿಟ್ಟು ಹೋದನು. ಮಗಳು ಬೀದಿಯಲ್ಲಿ ನೀರು ಮಾರಿ ತಾಯಿಗೆ ನೆರವಾದಳು. 1989ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, "ಮೂಸೊಲೂ" ಎಂಬ ಕ್ಯಾಸೆಟ್ಟನ್ನು ಧ್ವನಿಮುದ್ರಿಸಿದಳು. ಆ ಮಾತಿನ ಅರ್ಥ ಹೆಂಗಸರು ಎಂದು. ಅದರ ಪ್ರತಿಗಳು ಎರಡು ಲಕ್ಷಕ್ಕೂ ಮಿಕ್ಕಿ ಮಾರಾಟವಾದವು. ಬಹುಪತ್ನೀತ್ವವನ್ನೂ ಬಲವಂತದ ಮದುವೆಯನ್ನೂ ಹಳೆಯ ವಾಸುಲು ಧಾಟಿಯಲ್ಲಿಯೇ ಅವಳು ಹಾಡಿನಲ್ಲಿ ಖಂಡಿಸಿದಳು. 2003ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಅವಳನ್ನು ಸದ್ಭಾವನಾ ರಾಯಭಾರಿಯಾಗಿ ಆರಿಸಿತು.

ತಾಯಿಯಿಂದ ಬಂದ ಧಾಟಿ, ಮನೆಯೊಳಗಿನ ದುಃಖ, ಆ ದುಃಖವನ್ನು ಎಲ್ಲರ ಮುಂದೆ ಎತ್ತಿ ಹಾಡುವ ಧೈರ್ಯ, ಇವು ಇಬ್ಬರಲ್ಲೂ ಸಮಾನ. ಆದರೆ ಒಂದು ಭೇದವನ್ನು ಮರೆಯಬಾರದು. ಊಮುವಿನ ಹಾಡಿನ ಮೇಲೆ ರಚಿಸಿದವಳೆಂದು ಅವಳ ಹೆಸರಿದೆ. ಹಾಡು ಮಾರಾಟವಾದಾಗ ಅವಳಿಗೆ ಸಲ್ಲುವ ಪಾಲಿದೆ. ಸುಕ್ರಿಯವರ ಹಾಡು "ಜನಪದ". ಜನಪದವೆಂದರೆ ಎಲ್ಲರದು, ಎಲ್ಲರದು ಎಂದರೆ ಕೊನೆಗೆ ಹಾಡಿದವಳದಲ್ಲ. ಪದ್ಮಶ್ರೀ ಬಂದರೂ ಸುಕ್ರಿಯವರು ಬಾಳಿದ್ದು ಬಡವರಾಗಿಯೇ. ಹಾಡನ್ನು ಬರೆದುಕೊಂಡವರ ಹೆಸರು ಪುಸ್ತಕದ ಮೇಲೆ ಬರುವುದು, ಹಾಡಿದವಳ ಹೆಸರು ಒಳಗೆಲ್ಲೋ ಇರುವುದು. ವಿದ್ವಾಂಸರನ್ನು ನಾನು ದೂರುತ್ತಿಲ್ಲ. ಕುಮಟೆಯ ಡಾ. ಎಲ್. ಆರ್. ಹೆಗಡೆ, ಹೊನ್ನಾವರದ ಡಾ. ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿಗಳಂಥವರು ಊರೂರು ತಿರುಗಿ ಬರೆದಿಡದೆ ಹೋಗಿದ್ದರೆ ನಮ್ಮ ಜಿಲ್ಲೆಯ ಎಷ್ಟೋ ಹಾಡುಗಳು ಇಂದು ಗುರುತಿಲ್ಲದೆ ಹೋಗುತ್ತಿದ್ದವು. ಪ್ರಶ್ನೆ ವ್ಯಕ್ತಿಗಳದಲ್ಲ, ಪದ್ಧತಿಯದು.

ಇನ್ನೊಂದು ಸಾಮ್ಯವನ್ನು ಹೇಳದೆ ಇರಲಾರೆ. ನಮ್ಮಲ್ಲಿ ಮಗು ಹುಟ್ಟಿದ ವಾರವನ್ನೇ ಹೆಸರಾಗಿ ಇಡುವುದು ಹಿಂದೆ ವಾಡಿಕೆ. ಸೋಮವಾರದವಳು ಸೋಮಿ, ಶುಕ್ರವಾರದವಳು ಸುಕ್ರಿ. ಪಶ್ಚಿಮ ಆಫ್ರಿಕೆಯ ಘಾನಾ ದೇಶದ ಅಕಾನ್ ಜನರಲ್ಲೂ ಇದೇ ವಾಡಿಕೆ. ಅಲ್ಲಿ ಶುಕ್ರವಾರ ಹುಟ್ಟಿದ ಗಂಡು ಕೋಫಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನರ ಹೆಸರು ಹೀಗೆ ಬಂದದ್ದು. ಶುಕ್ರವಾರದ ಹೆಣ್ಣು ಅಫುವಾ. ಶಾಲೆಯಲ್ಲಿ ನಮ್ಮ ಹಿರಿಯರ ಇಂಥ ಹೆಸರುಗಳನ್ನು ಕೇಳಿ ಸಹಪಾಠಿಗಳು ನಕ್ಕಾಗ ನಾನು ಕುಗ್ಗಿದ್ದುಂಟು. ಕೋಫಿ ಅನ್ನಾನರ ಸಂಗತಿ ಅಂದು ತಿಳಿದಿದ್ದರೆ ಅಷ್ಟು ಕುಗ್ಗುತ್ತಿರಲಿಲ್ಲವೋ ಏನೋ.

೬

ಸುಕ್ರಿಯವರಿಗಿಂತ ಎರಡು ತಿಂಗಳು ಮೊದಲು, 2024ರ ಡಿಸೆಂಬರ್ 16ರಂದು, ಕಾಡನ್ನು ಬೆಳೆಸಿ ಪದ್ಮಶ್ರೀ ಪಡೆದ ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡಿದ್ದರು. ಒಂದೇ ತಾಲೂಕಿನ, ಒಂದೇ ಜನಾಂಗದ, ಓದುಬರಹವಿಲ್ಲದ ಇಬ್ಬರು ಹೆಂಗಸರು. ಒಬ್ಬರು ಬೀಜವನ್ನು ಬಲ್ಲವರು, ಇನ್ನೊಬ್ಬರು ಹಾಡನ್ನು ಬಲ್ಲವರು. ಎರಡು ತಿಂಗಳಲ್ಲಿ ಇಬ್ಬರೂ ಇಲ್ಲವಾದರು. ಅವರು ಬಿಟ್ಟುಹೋದದ್ದನ್ನು ಯಾರು ಹಿಡಿಯಬೇಕು?

ಹಾಡುಗಳು ಧ್ವನಿಮುದ್ರಣವಾಗಿವೆ, ಪುಸ್ತಕಗಳಲ್ಲಿವೆ, ಇನ್ನೇನು ಚಿಂತೆ ಎಂದು ಕೇಳಬಹುದು. ಧ್ವನಿಮುದ್ರಣವನ್ನು ಹೀಗಳೆಯುವಷ್ಟು ಅವಿವೇಕ ನನ್ನಲ್ಲಿಲ್ಲ. ಅದಿಲ್ಲದಿದ್ದರೆ ಸುಕ್ರಜ್ಜಿಯ ಕೊರಳನ್ನು ಮುಂದಿನವರು ಕೇಳುವುದೇ ಸಾಧ್ಯವಿರಲಿಲ್ಲ. ಆದರೆ ಯಂತ್ರವು ಎತ್ತಿಕೊಟ್ಟದ್ದನ್ನು ಹಾಗೆಯೇ ಇಟ್ಟುಕೊಳ್ಳುವುದು, ಸೊಲ್ಲನ್ನು ಹಿಡಿಯದು. ಮುದ್ರಿತವಾದ ಹಾಡಿನಲ್ಲಿ ಮದುಮಗಳು ಎಂದೆಂದಿಗೂ ದೋಣಿಯಲ್ಲೇ ಇರುವಳು; ಅವಳನ್ನು ಬಸ್ಸು ಹತ್ತಿಸಲು ಜೀವಂತ ಹಾಡುಗಾರ್ತಿಯೇ ಬೇಕು. ಅವಳಿಗೆ ಸೊಲ್ಲು ಹಿಡಿಯುವ ಇನ್ನೊಬ್ಬಳು ಬೇಕು. ಹಿಡಿಯುವವಳೇ ಮುಂದೆ ಎತ್ತಿಕೊಡುವವಳಾಗುವುದು. ಸುಕ್ರಿಯವರೂ ಮೊದಲು ತಾಯಿಯ ಸೊಲ್ಲು ಹಿಡಿದವರೇ. ಈ ಸರಪಣಿಯ ಕೊಂಡಿ ಕಳಚಿರುವುದು ಎಲ್ಲಿ ಎಂದು ಹುಡುಕಿದರೆ, ಅದು ಹಾಡುವವರಲ್ಲಿ ಅಲ್ಲ, ಹಿಡಿಯುವವರಲ್ಲಿ. ಎಂದರೆ ನನ್ನ ತಲೆಮಾರಿನಲ್ಲಿ.

ನಾವು ಏಕೆ ಬಿಟ್ಟೆವು? ಕಾರಣಗಳು ಹಲವು. ಭತ್ತ ಕುಟ್ಟುವುದು ಗಿರಣಿಗೆ ಹೋಯಿತು. ಕುಟ್ಟುವ ಹಾಡಿಗೆ ಕೆಲಸ ಉಳಿಯಲಿಲ್ಲ. ಮದುವೆಗೆ ಧ್ವನಿವರ್ಧಕದ ಪೆಟ್ಟಿಗೆಗಳು ಬಂದವು. ಅವುಗಳ ಮುಂದೆ ಅಜ್ಜಿಯರ ಕೊರಳು ಕೇಳಿಸದು. ಗದ್ದೆಗಳು ಎಷ್ಟೋ ಕಡೆ ಪಾಳು ಬಿದ್ದಿವೆ. ಇವು ಕಾಲಗತಿ, ಯಾರನ್ನೂ ದೂರುವಂತಿಲ್ಲ. ಆದರೆ ಒಂದು ಕಾರಣ ಕಾಲದ್ದಲ್ಲ, ನಮ್ಮದು. ಅದು ನಾಚಿಕೆ. ನಾನು ನಮ್ಮ ಮನೆಯಲ್ಲಿ ಕಾಲೇಜು ಕಂಡವರಲ್ಲಿ ಮೊದಲಿಗಳು. ಓದಬೇಕಾದರೆ ಅಜ್ಜಿಯ ಮಾತನ್ನೂ ಹಾಡನ್ನೂ ಹೊಸ್ತಿಲಲ್ಲಿ ಬಿಟ್ಟು ಬರಬೇಕೆಂದು ನಾನು ಹೇಗೋ ತಿಳಿದುಕೊಂಡೆ. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಅವ್ವಿಗೂ ನನ್ನ ಮನಸ್ಸು ತಿಳಿದಿರಬೇಕು; ನಾನು ಪುಸ್ತಕ ಹಿಡಿದು ಕುಳಿತಾಗ ಅವಳು ಹಾಡುವುದನ್ನು ನಿಲ್ಲಿಸುತ್ತಿದ್ದಳು. ಮಗಳ ಓದಿಗೆ ತೊಂದರೆಯಾಗಬಾರದೆಂದು ಆಗ ಅವಳು ನಿಲ್ಲಿಸಿದ್ದು, ಮತ್ತೆ ಎತ್ತಲೇ ಇಲ್ಲ. ಬಿ.ಎ. ಪಠ್ಯದಲ್ಲಿ ಜನಪದ ಸಾಹಿತ್ಯವನ್ನು ಓದಿ, ಅದರ ಲಕ್ಷಣಗಳನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಆ ಸಾಹಿತ್ಯ ನನ್ನ ಮನೆಯಲ್ಲಿ ನನಗೋಸ್ಕರವೇ ಮೌನವಾಗಿದ್ದುದು ಪರೀಕ್ಷೆ ಬರೆಯುವಾಗ ನನ್ನ ನೆನಪಿಗೆ ಬರಲಿಲ್ಲ.

ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ನೀವು ಹಾಲಕ್ಕಿಯವರೇ ಆಗಬೇಕಿಲ್ಲ. ಅಂಬಿಗರ ಮನೆಯಲ್ಲಿ, ನಾಡವರ ಮನೆಯಲ್ಲಿ, ಮುಕ್ರಿಯರ ಮನೆಯಲ್ಲಿ, ಗೊಂಡರ ಮನೆಯಲ್ಲಿ, ಎಲ್ಲ ಕಡೆಯೂ ಒಬ್ಬ ಅಜ್ಜಿ ಇರುವಳು. ಅವಳ ಬಳಿಗೆ ಮೊಬೈಲು ಹಿಡಿದು ಹೋಗುವುದಾದರೆ ಹೋಗಿ. ಆದರೆ ಸ್ವಲ್ಪ ಹೊತ್ತು ಅದನ್ನು ಬದಿಗಿಟ್ಟು ಸೊಲ್ಲು ಹಿಡಿಯಿರಿ. ತಪ್ಪಾದರೆ ಅವಳು ನಗುವಳು, ಬೈಯಲಾರಳು. ಬರೆದುಕೊಂಡರೆ ಹಾಡಿದವಳ ಹೆಸರನ್ನು ಮೇಲುಗಡೆ ಬರೆಯಿರಿ. ಅಧ್ಯಾಪಕರಲ್ಲಿಯೂ ಒಂದು ಮಾತು: ವರ್ಷಕ್ಕೊಮ್ಮೆ ನಡೆಯುವ ನಮ್ಮ ಕಾಲೇಜಿನ ಸಮಾರಂಭಕ್ಕೆ ಇಂಥ ಹಾಡುಗಾರ್ತಿಯರನ್ನು ಕರೆಯುವುದಾದರೆ, ದಯವಿಟ್ಟು ಒಬ್ಬರನ್ನೇ ಕರೆಯಬೇಡಿರಿ. ಜೊತೆಗೆ ಹಿಡಿಯುವವರನ್ನೂ ಕರೆಯಿರಿ, ಅವರನ್ನು ಎದುರುಬದುರಾಗಿ ಕೂರಿಸಿರಿ. ಅವರು ಸಭೆಗೆ ಬೆನ್ನು ಮಾಡಿದರೆ ತಪ್ಪು ತಿಳಿಯಬೇಡಿರಿ.

ಇದನ್ನು ಬರೆಯುವ ಹೊತ್ತಿಗೆ ನಾನು ಅಜ್ಜಿಯ ಜೊತೆಗೆ ಮೂರು ಹಾಡುಗಳ ಸೊಲ್ಲನ್ನು ತಪ್ಪಿಲ್ಲದೆ ಹಿಡಿಯಬಲ್ಲೆ. ಎತ್ತಿಕೊಡಲು ಇನ್ನೂ ಬಾರದು. ಮೊನ್ನೆ ಸಂಜೆ ನಾವಿಬ್ಬರೂ ಜಗಲಿಯಲ್ಲಿ ಕುಳಿತು ಹಾಡುತ್ತಿದ್ದಾಗ ಒಂದು ಕಡೆ ನಾನು ತಪ್ಪಿದೆ. ಒಳಗೆ ಒಲೆಯ ಮುಂದಿದ್ದ ಅವ್ವಿ ಅಲ್ಲಿಂದಲೇ ಆ ಸೊಲ್ಲನ್ನು ಹಿಡಿದಳು. ಹಲವು ವರ್ಷಗಳ ಮೇಲೆ ನಮ್ಮ ಮನೆಯಲ್ಲಿ ಅವಳ ಹಾಡು ಕೇಳಿದ್ದು ಅಂದೇ. ತರಗತಿಯಲ್ಲಿ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರೆ ಈ ಸಾರಿ ನಾನು ಎದ್ದು ನಿಲ್ಲುವೆನು.